ಮನೆತನದಲ್ಲಿ ಬೈಪೋಲಾರ್ ಇದೆ, ಆತ್ಮಹತ್ಯೆಯೂ ಆಗಿದೆ: ಮಕ್ಕಳಿಗೆ ಬರುವ ಅಪಾಯ ನಿಜಕ್ಕೂ ಎಷ್ಟು?

ಕುಂದುವಾಡ ಕೆರೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಕೆಲವು ಕಾಲ ಖಿನ್ನತೆ, ಕೆಲವು ಕಾಲ ಮಿತಿಮೀರಿದ ಉತ್ಸಾಹದ ಉನ್ಮಾದ ಬರುವ ಮನಸ್ಥಿತಿಯ ಕಾಯಿಲೆ. ಲಿಥಿಯಂ ಗುಳಿಗೆಯ ಮೇಲೆ ಹಲವು ವರ್ಷಗಳಿಂದ ಸ್ಥಿರವಾಗಿದ್ದಾರೆ. ಎಪಿಎಂಸಿ ಯಾರ್ಡಿನಲ್ಲಿರುವ ದಲಾಲಿ ಅಂಗಡಿಯನ್ನು ತಾವೇ ನಡೆಸುತ್ತಾರೆ. ನಮ್ಮ ಚಿಕ್ಕಪ್ಪ ಬಹಳ ಹಿಂದೆ, ಜಗಳೂರು ಕಡೆಯ ಊರಿನಲ್ಲಿದ್ದಾಗ, ಆತ್ಮಹತ್ಯೆಯಿಂದ ತೀರಿಕೊಂಡರು. ಅವರನ್ನು ಯಾವ ಮನೋವೈದ್ಯರಿಗೂ ತೋರಿಸಿರಲಿಲ್ಲವಾದರೂ, ಅವರು ತಿಂಗಳುಗಟ್ಟಲೆ ಮಾತಿಲ್ಲದೆ ಮಲಗಿರುತ್ತಿದ್ದುದನ್ನೂ ಮತ್ತೊಂದು ವರ್ಷ ರಾತ್ರಿಯಿಡೀ ನಿದ್ದೆಯಿಲ್ಲದೆ ಹೊಸ ವ್ಯಾಪಾರಗಳ ಲೆಕ್ಕ ಹಾಕುತ್ತಿದ್ದುದನ್ನೂ ಅಮ್ಮ ಹೇಳುವಾಗ, ಅದೂ ಅಣ್ಣನ ಕಾಯಿಲೆಯೇ ಆಗಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಈಗ ಅಣ್ಣನ ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಗಂಡಿನ ಕಡೆಯವರು ಒಪ್ಪಿದ್ದರು. ಆಮೇಲೆ ಯಾರೋ ನೆಂಟರು “ಆ ವಂಶದಲ್ಲೇ ಅದು ಇದೆ” ಎಂದು ಹೇಳಿದ್ದರಿಂದ ಮಾತುಕತೆ ನಿಂತಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಗೆ ಹೆಣ್ಣು ತರುವಾಗ ನಾವೂ ಮನೆತನ ವಿಚಾರಿಸಿದವರೇ. ನನಗೆ ಬೇಕಾಗಿರುವುದು ಸಮಾಧಾನದ ಮಾತಲ್ಲ, ಉತ್ತರ. ಇದು ವಂಶದಲ್ಲಿ ಹರಿಯುತ್ತದೆಯೇ, ಹರಿದರೆ ಎಷ್ಟು, ಹುಡುಗಿಯ ತಮ್ಮ ಈಗ ಪದವಿ ಓದುತ್ತಿದ್ದಾನೆ, ಅವನಿಗೆ ಚಿಕ್ಕಜ್ಜನ ವಿಷಯವನ್ನು ಹೇಳಬೇಕೇ? ಅವನು ಹೃದಯಾಘಾತ ಎಂದೇ ತಿಳಿದಿದ್ದಾನೆ.

ವೇದಿಕೆ ನಿರ್ವಾಹಕರು:

ಚರ್ಚೆ ಮುಂದುವರಿಯಲಿ. ಯಾರೂ ಆತ್ಮಹತ್ಯೆಯ ವಿಧಾನಗಳನ್ನು ವಿವರಿಸಬಾರದು, ಗುರುತು ಸಿಗುವಂತೆ ಯಾರ ಮನೆಯ ಕಥೆಯನ್ನೂ ಬರೆಯಬಾರದು. ಓದುತ್ತಿರುವವರಲ್ಲಿ ಯಾರಿಗಾದರೂ ಬದುಕು ಬೇಡವೆಂಬ ಯೋಚನೆ ಬರುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಕರೆಗೆ ಹಣವಿಲ್ಲ. ತಕ್ಷಣದ ಅಪಾಯವೆಂದು ಅನ್ನಿಸಿದರೆ ಕಾಯದೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಜೋಗಿಮಟ್ಟಿ (ಚಿತ್ರದುರ್ಗ):

ನಾನು ಮನೋವೈದ್ಯ, ಈ ಜಿಲ್ಲೆಯಲ್ಲಿಯೇ ಕೆಲಸ ಮಾಡುತ್ತೇನೆ. ಕುಂದುವಾಡ ಕೆರೆ ಅವರೇ, ನೀವು ಒಂದೇ ಪ್ರಶ್ನೆ ಕೇಳಿದ್ದೀರಿ ಎಂದುಕೊಂಡಿದ್ದೀರಿ, ಆದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಬೈಪೋಲಾರ್ ಕಾಯಿಲೆ ಮಕ್ಕಳಿಗೆ ಬರುತ್ತದೆಯೇ ಎಂಬುದು ಒಂದು. ಆತ್ಮಹತ್ಯೆಯ ಕಡೆಗಿನ ಒಲವು ಮಕ್ಕಳಿಗೆ ಬರುತ್ತದೆಯೇ ಎಂಬುದು ಇನ್ನೊಂದು. ನೆಂಟರು ಇವೆರಡನ್ನೂ ಸೇರಿಸಿ “ಅದು” ಎಂದುಬಿಟ್ಟಿದ್ದಾರೆ. ಬೇರ್ಪಡಿಸಿ ನೋಡಿದರೆ ಚಿತ್ರ ಸಾಕಷ್ಟು ಬದಲಾಗುತ್ತದೆ.

ಮೊದಲನೆಯದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಬೈಪೋಲಾರ್‌ನ ಆನುವಂಶಿಕತೆಯ ಪ್ರಮಾಣ (ಜನರ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು) ಸುಮಾರು 60ರಿಂದ 85 ಶೇಕಡ; ತೀವ್ರ ಖಿನ್ನತೆಯದು ಸುಮಾರು 37 ಶೇಕಡ. ಈ ಅಂಕಿಗಳನ್ನು ಕಂಡು ಜನ ಗಾಬರಿಯಾಗುತ್ತಾರೆ, ಏಕೆಂದರೆ “ಮಗುವಿಗೆ ಬರುವ ಸಾಧ್ಯತೆ 85 ಶೇಕಡ” ಎಂದು ಓದಿಕೊಳ್ಳುತ್ತಾರೆ. ಹಾಗಲ್ಲ. ತಂದೆಗೋ ತಾಯಿಗೋ ಬೈಪೋಲಾರ್ ಇದ್ದರೆ ಮಗುವಿಗೆ ಜೀವಮಾನದಲ್ಲಿ ಅದು ಬರುವ ಸಾಧ್ಯತೆ ಸುಮಾರು 5ರಿಂದ 10 ಶೇಕಡ. ಸಾಮಾನ್ಯ ಜನರಲ್ಲಿ ಅದು ಸುಮಾರು 1 ಶೇಕಡ. ಹಲವು ಪಟ್ಟು ಹೆಚ್ಚು ಎಂಬುದೂ ನಿಜ, ನೂರರಲ್ಲಿ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಬೈಪೋಲಾರ್ ಇರುವವರ ಮಕ್ಕಳಲ್ಲಿ ಖಿನ್ನತೆಯ ಸಾಧ್ಯತೆಯೂ ಹೆಚ್ಚಿರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಇನ್ನು ಚಿಕ್ಕಪ್ಪನವರು ನಿಮ್ಮ ಅಣ್ಣನ ಮಗಳಿಗೆ ಚಿಕ್ಕಜ್ಜ; ರಕ್ತಸಂಬಂಧದ ಲೆಕ್ಕದಲ್ಲಿ ಎಂಟರಲ್ಲೊಂದು ಪಾಲು. ಸಂಬಂಧ ದೂರವಾದಂತೆ ಅಪಾಯ ಬೇಗನೆ ಇಳಿಯುತ್ತದೆ. ಹುಡುಗಿಯ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ತಂದೆಯ ಕಾಯಿಲೆ. ಚಿಕ್ಕಜ್ಜನ ಸಾವು ಅದಕ್ಕೆ ಹೆಚ್ಚೇನನ್ನೂ ಸೇರಿಸುವುದಿಲ್ಲ.

ಎರಡನೆಯದು. ಆತ್ಮಹತ್ಯೆಯ ವರ್ತನೆಗೂ ಆನುವಂಶಿಕ ಭಾಗವಿದೆ. ಅವಳಿಗಳ ಅಧ್ಯಯನಗಳು ಅದನ್ನು 30ರಿಂದ 55 ಶೇಕಡದ ನಡುವೆ ಇಡುತ್ತವೆ. ಒಂದೇ ಮನೆಯಲ್ಲಿ ಬೆಳೆದ ಮಕ್ಕಳು ಹಿರಿಯರನ್ನು ನೋಡಿ ಕಲಿಯುತ್ತಾರಷ್ಟೇ, ಇದರಲ್ಲಿ ರಕ್ತದ್ದೇನೂ ಇಲ್ಲ ಎಂಬ ವಾದಕ್ಕೆ ಡೆನ್ಮಾರ್ಕಿನ ದತ್ತು ದಾಖಲೆಗಳು 1979ರಲ್ಲಿ ಉತ್ತರ ಕೊಟ್ಟವು. ದತ್ತು ಹೋಗಿ ಬೆಳೆದು ಮುಂದೆ ಆತ್ಮಹತ್ಯೆಯಿಂದ ತೀರಿಕೊಂಡ 57 ಮಂದಿಯ ಹೆತ್ತ ಕಡೆಯ 269 ಬಂಧುಗಳಲ್ಲಿ 12 ಮಂದಿ ಅದೇ ರೀತಿ ಸತ್ತಿದ್ದರು. ಹೋಲಿಕೆಗೆ ತೆಗೆದುಕೊಂಡ ದತ್ತು ಮಕ್ಕಳ ಹೆತ್ತ ಕಡೆಯ 269 ಬಂಧುಗಳಲ್ಲಿ ಕೇವಲ 2. ಸಾಕಿದ ಮನೆಗಳ ಬಂಧುಗಳಲ್ಲಿ ಒಬ್ಬರೂ ಇರಲಿಲ್ಲ.

ಆದರೆ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು 1985ರಲ್ಲಿ ಪ್ರಕಟವಾದ ಅಮೆರಿಕದ ಆಮಿಶ್ ಎಂಬ ಸಾಂಪ್ರದಾಯಿಕ ಕ್ರೈಸ್ತ ಸಮುದಾಯದ ಅಧ್ಯಯನ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಈ ಜನರಲ್ಲಿ ಕುಡಿತದ ಚಟ ವಿರಳ, ಅವರು ಪರಸ್ಪರ ಕೈಬಿಡುವುದಿಲ್ಲ, ವಂಶಾವಳಿಯನ್ನು ವಿವರವಾಗಿ ಬರೆದಿಟ್ಟುಕೊಂಡಿದ್ದಾರೆ. 1880ರಿಂದ 1980ರವರೆಗಿನ ನೂರು ವರ್ಷಗಳಲ್ಲಿ ಅಲ್ಲಿ ಆದದ್ದು 26 ಆತ್ಮಹತ್ಯೆಗಳು. ಅವುಗಳಲ್ಲಿ 73 ಶೇಕಡ ನಾಲ್ಕೇ ಮನೆತನಗಳಲ್ಲಿ. 26 ಮಂದಿಯಲ್ಲಿ 24 ಮಂದಿಗೆ ಖಿನ್ನತೆ ಅಥವಾ ಬೈಪೋಲಾರ್‌ನಂತಹ ಕಾಯಿಲೆ. ಇಷ್ಟು ಕೇಳಿದರೆ ನಿಮ್ಮ ನೆಂಟರೇ ಗೆದ್ದಂತೆ ಕಾಣುತ್ತದೆ. ಆದರೆ ಅದೇ ಸಮುದಾಯದಲ್ಲಿ ಅಷ್ಟೇ ತೀವ್ರವಾಗಿ ಬೈಪೋಲಾರ್ ಮತ್ತು ಖಿನ್ನತೆ ತುಂಬಿದ್ದ ಬೇರೆ ಮನೆತನಗಳಿದ್ದವು, ಅಲ್ಲಿ ನೂರು ವರ್ಷದಲ್ಲಿ ಒಂದೂ ಆತ್ಮಹತ್ಯೆ ಆಗಿರಲಿಲ್ಲ. ಅಂದರೆ ಕಾಯಿಲೆ ಹರಿಯುವ ದಾರಿ ಮತ್ತು ಆ ಕಾಯಿಲೆಯ ಸಂಕಟದಲ್ಲಿ ತನ್ನ ಮೇಲೆಯೇ ಕೈ ಎತ್ತುವ ಒಲವು ಹರಿಯುವ ದಾರಿ ಪೂರ್ತಿ ಒಂದೇ ಅಲ್ಲ.

ಈ ಎರಡನೆಯ ಒಲವಿನಲ್ಲಿ ಏನಿರುತ್ತದೆ ಎಂದರೆ, ದುಡುಕು, ಕ್ಷಣದಲ್ಲಿ ಉಕ್ಕುವ ಕೋಪ, ನೋವಾದಾಗ ತಡೆದುಕೊಳ್ಳಲಾಗದ ಸ್ವಭಾವ. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಮನಸ್ಥಿತಿಯ ಕಾಯಿಲೆಯಿದ್ದ 334 ಪೋಷಕರ 701 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಪೋಷಕರು ಒಮ್ಮೆಯಾದರೂ ಆತ್ಮಹತ್ಯೆಗೆ ಯತ್ನಿಸಿದ್ದರೆ ಮಕ್ಕಳಲ್ಲಿ ಯತ್ನದ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚಿತ್ತು, ಮಕ್ಕಳಿಗಿದ್ದ ಕಾಯಿಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಆದ್ದರಿಂದ ನಿಮಗೆ ನನ್ನ ಪ್ರಶ್ನೆ: ನಿಮ್ಮ ಅಣ್ಣ ಎಂದಾದರೂ ಯತ್ನಿಸಿದ್ದರೇ? ಇಲ್ಲವಾದರೆ ಅದು ಮಕ್ಕಳ ಮಟ್ಟಿಗೆ ಒಳ್ಳೆಯ ಮಾಹಿತಿ. ಇಲ್ಲಿಯೇ ಉತ್ತರಿಸಬೇಕಾಗಿಲ್ಲ.

ಭದ್ರಾ ನಾಲೆ (ದಾವಣಗೆರೆ):

ಡಾಕ್ಟರೇ, ಗೌರವದಿಂದಲೇ ಒಂದು ಆಕ್ಷೇಪ. ನಮ್ಮ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ, ಮೆಕ್ಕೆಜೋಳದ ದರ ಬಿದ್ದ ವರ್ಷ, ಕೈಸಾಲದ ಬಡ್ಡಿ ಏರಿದ ವರ್ಷ ಸಾವುಗಳಾಗುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳನ್ನು ದಾಖಲಿಸಿತು. ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಗೆ 31.7 ಶೇಕಡ, ಅನಾರೋಗ್ಯಕ್ಕೆ 18.4 ಶೇಕಡ. ವಂಶವಾಹಿ ಎಂಬ ಕಾಲಂ ಅದರಲ್ಲಿಲ್ಲ. ಎಲ್ಲವನ್ನೂ ರಕ್ತಕ್ಕೆ ಹೊರಿಸಿದರೆ ಸರ್ಕಾರಕ್ಕೂ ಸಾಲ ಕೊಟ್ಟವನಿಗೂ ಅನುಕೂಲವಾಗುತ್ತದೆ, ಸತ್ತವನ ಮಕ್ಕಳಿಗೆ ಮಾತ್ರ ಕಳಂಕ ಉಳಿಯುತ್ತದೆ.

ಶೇಂಗಾ ಸೀಮೆ (ಚಳ್ಳಕೆರೆ):

ಭದ್ರಾ ನಾಲೆ ಅವರ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಡಾಕ್ಟರ ಮಾತಿಗೆ ವಿರುದ್ಧವಲ್ಲ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಆನುವಂಶಿಕತೆಯ ಪ್ರಮಾಣ ಎಂಬ ಅಂಕಿ ಪ್ರತಿ ವರ್ಷ ತರಗತಿಯಲ್ಲಿಯೂ ತಪ್ಪಾಗಿಯೇ ಅರ್ಥವಾಗುತ್ತದೆ. ಭದ್ರಾ ನಾಲೆಯ ನೀರು ಸಮನಾಗಿ ಸಿಗುವ ಒಂದೇ ಗದ್ದೆಯಲ್ಲಿ ಹತ್ತು ಬಗೆಯ ಬೀಜ ಬಿತ್ತಿದರೆ, ಗಿಡಗಳ ನಡುವಿನ ವ್ಯತ್ಯಾಸಕ್ಕೆ ಬಹುತೇಕ ಬೀಜವೇ ಕಾರಣವಾಗಿ ಕಾಣುತ್ತದೆ. ಅದೇ ಬೀಜಗಳನ್ನು ಅರ್ಧ ನಾಲೆಯ ಕೆಳಗೆ, ಅರ್ಧ ಜಗಳೂರಿನ ಒಣ ಹೊಲದಲ್ಲಿ ಬಿತ್ತಿದರೆ ವ್ಯತ್ಯಾಸದ ಬಹುಪಾಲು ನೀರಿನದಾಗುತ್ತದೆ. ಬೀಜ ಬದಲಾಗಿಲ್ಲ, ಅಂಕಿ ಬದಲಾಯಿತು. ಆ ಶೇಕಡಾವಾರು ಒಂದು ಜನಸಮೂಹದೊಳಗಿನ ವ್ಯತ್ಯಾಸವನ್ನು ಹೇಳುತ್ತದೆಯೇ ಹೊರತು ನಿಮ್ಮ ಮನೆಯ ಹುಡುಗಿಯ ಹಣೆಬರಹವನ್ನಲ್ಲ. ಆ ಅಧ್ಯಯನಗಳ ಬಹುಪಾಲು ಯುರೋಪ್ ಮತ್ತು ಅಮೆರಿಕದವು. ಬೆಳೆ ವಿಮೆ, ಸಾಲ, ಮದ್ಯ, ಗಂಡನ ಮನೆಯ ಹಿಂಸೆ ಇವೆಲ್ಲ ಬೇರೆ ಬೇರೆಯಾಗಿರುವ ನಮ್ಮಲ್ಲಿ ಪರಿಸರದ ಪಾಲು ಅಷ್ಟೇ ಇರಬೇಕೆಂದೇನೂ ಇಲ್ಲ.

ಹೀಗಾಗಿ ಸಾಲವೋ ವಂಶವೋ ಎಂಬ ಜಗಳವೇ ನನಗೆ ವ್ಯರ್ಥವೆನಿಸುತ್ತದೆ. ಒಂದೇ ಬರಗಾಲವನ್ನು ಒಂದೇ ಊರಿನ ನೂರು ರೈತರು ಅನುಭವಿಸುತ್ತಾರೆ. ಅವರಲ್ಲಿ ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂಬುದನ್ನು ತಿಳಿಯಲು ಮನೆತನದ ಇತಿಹಾಸ ನೆರವಾಗುತ್ತದೆ. ಬರಗಾಲವನ್ನು ಅದು ಕ್ಷಮಿಸುವುದಿಲ್ಲ.

ವಾಣಿವಿಲಾಸ (ಹಿರಿಯೂರು):

ರಕ್ತ ಪರೀಕ್ಷೆಯಿಂದ ಮೊದಲೇ ತಿಳಿಯಲು ಸಾಧ್ಯವೇ? ಜೊಲ್ಲು ಕಳುಹಿಸಿದರೆ ವರದಿ ಕೊಡುವ ಕಂಪನಿಗಳ ಜಾಹೀರಾತು ಮೊಬೈಲಿನಲ್ಲಿ ಬರುತ್ತಿರುತ್ತದೆ. ಇನ್ನೊಂದು: ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಸಾಮಾನ್ಯ. ಅದರಿಂದ ಇದು ಹೆಚ್ಚಾಗುತ್ತದೆಯೇ?

ಶೇಂಗಾ ಸೀಮೆ (ಚಳ್ಳಕೆರೆ):

ಪರೀಕ್ಷೆ ಇಲ್ಲ. ಬೈಪೋಲಾರ್‌ಗೆ ಒಂದು ವಂಶವಾಹಿ ಕಾರಣವಲ್ಲ. 2021ರ ದೊಡ್ಡ ಅಧ್ಯಯನವೊಂದು ವರ್ಣತಂತುಗಳ 64 ಸ್ಥಾನಗಳನ್ನು ಗುರುತಿಸಿತು, ಆಮೇಲೆ ಸಂಖ್ಯೆ ಇನ್ನೂ ಏರಿದೆ. ಪ್ರತಿಯೊಂದರ ಪ್ರಭಾವವೂ ಕೂದಲೆಳೆಯಷ್ಟು. ಆತ್ಮಹತ್ಯಾ ಯತ್ನದ ಬಗ್ಗೆ 2022ರಲ್ಲಿ ಬಂದ ಇದೇ ಬಗೆಯ ಅಧ್ಯಯನದಲ್ಲಿ, ಇಡೀ ವಂಶವಾಹಿ ನಕ್ಷೆಯ ಸಾಮಾನ್ಯ ವ್ಯತ್ಯಾಸಗಳೆಲ್ಲ ಸೇರಿ ವಿವರಿಸಿದ್ದು 7 ಶೇಕಡಕ್ಕೂ ಕಡಿಮೆ. ಅದರ ಒಂದು ಭಾಗ ಮಾನಸಿಕ ಕಾಯಿಲೆಗಳೊಂದಿಗೆ ಹಂಚಿಕೊಂಡದ್ದು, ಇನ್ನೊಂದು ಭಾಗ ಅವುಗಳಿಂದ ಸ್ವತಂತ್ರವಾದದ್ದು. ಡಾಕ್ಟರು ಹೇಳಿದ ಆಮಿಶ್ ಮನೆತನಗಳ ಕಥೆಯೇ ಇಲ್ಲಿ ವರ್ಣತಂತುಗಳ ಮಟ್ಟದಲ್ಲಿ ಕಾಣುತ್ತದೆ. 2000ದ ದಶಕದಲ್ಲಿ ಮೆದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ಒಂದು ವಂಶವಾಹಿಯೇ ಖಿನ್ನತೆಯ ಗುಟ್ಟು ಎಂದು ಪತ್ರಿಕೆಗಳು ಬರೆದವು. 2019ರ ಹೊತ್ತಿಗೆ ಲಕ್ಷಾಂತರ ಜನರ ಮಾಹಿತಿ ಕೈಯಲ್ಲಿದ್ದಾಗ ಆ ವಾದ ನಿಲ್ಲಲಿಲ್ಲ. ಹಣ ಕೊಟ್ಟು ಜೊಲ್ಲು ಕಳುಹಿಸುವ ಮೊದಲು ಇದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಒಂದೇ ಕುಟುಂಬದಲ್ಲಿ ಹಲವರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ನಮ್ಮದೇ ಮನೆತನಗಳನ್ನು ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಗಳು ಸೇರಿ ಅಧ್ಯಯನ ಮಾಡುತ್ತ ಬಂದಿವೆ. ಅದು ಸಂಶೋಧನೆ, ಮದುವೆಗೆ ಮುನ್ನ ಮಾಡಿಸುವ ಪರೀಕ್ಷೆಯಲ್ಲ.

ಸೋದರ ಸಂಬಂಧದ ಬಗ್ಗೆ: ದೇಶದಲ್ಲಿ ಇಂತಹ ಮದುವೆಗಳು ಹೆಚ್ಚಿರುವ ರಾಜ್ಯಗಳಲ್ಲಿ ತಮಿಳುನಾಡಿನೊಂದಿಗೆ ಕರ್ನಾಟಕವೂ ಮುಂದಿದೆ. ತಂದೆತಾಯಿ ಇಬ್ಬರಿಂದಲೂ ಒಂದೇ ದೋಷಯುಕ್ತ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಅದು ದೊಡ್ಡ ಅಪಾಯ. ಬೈಪೋಲಾರ್ ಆ ಬಗೆಯದಲ್ಲ. ಆದರೆ ಎರಡೂ ಕಡೆಯಲ್ಲಿ ಒಂದೇ ಅಜ್ಜನ ಇತಿಹಾಸ ಬಂದು ಕೂಡಿದರೆ ಮಗುವಿನ ಪಾಲಿಗೆ ಒಲವು ಎರಡೂ ದಾರಿಯಿಂದ ಬರುತ್ತದೆ ಎಂಬುದು ಸರಳ ಲೆಕ್ಕ. ಕುಂದುವಾಡ ಕೆರೆ ಅವರ ಮನೆಗೆ ಹೊರಗಿನ ಸಂಬಂಧ ಬರುತ್ತಿದೆಯೆಂದರೆ ಆ ಮಟ್ಟಿಗೆ ಚಿಂತೆಯಿಲ್ಲ.

ಶಾಂತಿಸಾಗರ (ಚನ್ನಗಿರಿ):

ನನಗೆ ಬೈಪೋಲಾರ್ ಇದೆ, ಮದುವೆಯಾಗಿದೆ, ಮಗಳಿದ್ದಾಳೆ. ಇಲ್ಲಿಯವರೆಗೆ ಬರೆದವರೆಲ್ಲ ನಮ್ಮ ಬಗ್ಗೆ ಬರೆದಿದ್ದೀರಿ, ಆದ್ದರಿಂದ ನಾನೂ ಸ್ವಲ್ಪ ಬರೆಯುತ್ತೇನೆ.

ನನ್ನ ತವರಿನಲ್ಲಿ ಅಜ್ಜಿಯ ಕಾಯಿಲೆಯನ್ನು ಎಷ್ಟು ಜಾಗರೂಕತೆಯಿಂದ ಮುಚ್ಚಿಟ್ಟಿದ್ದರೆಂದರೆ, ನನ್ನ ಮೊದಲ ಖಿನ್ನತೆಗೆ ಚಿಕಿತ್ಸೆ ಕೊಟ್ಟ ವೈದ್ಯರು “ಮನೆಯಲ್ಲಿ ಯಾರಿಗಾದರೂ ಇತ್ತೇ” ಎಂದು ಕೇಳಿದಾಗ ನನ್ನ ತಂದೆ “ಇಲ್ಲ” ಎಂದರು. ಸಂಬಂಧಗಳು ತಪ್ಪಿಹೋದಾವೆಂಬ ಹೆದರಿಕೆ. ಬರೀ ಖಿನ್ನತೆಯ ಗುಳಿಗೆಯನ್ನು ಕೊಟ್ಟರು, ಕೆಲವೇ ವಾರಗಳಲ್ಲಿ ನಾನು ಉನ್ಮಾದಕ್ಕೆ ಏರಿದೆ. ಅಜ್ಜಿಯ ವಿಷಯ ತಿಳಿದಿದ್ದರೆ ವೈದ್ಯರು ಬಹುಶಃ ಬೇರೆ ದಾರಿ ಹಿಡಿಯುತ್ತಿದ್ದರು. ವಂಶದ ಇತಿಹಾಸವನ್ನು ಮದುವೆಯ ಮಾತುಕತೆಯಲ್ಲಿ ಎಷ್ಟು ಹೇಳಬೇಕು ಎಂದು ತಲೆಕೆಡಿಸಿಕೊಳ್ಳುವ ನಾವು, ಅದನ್ನು ವೈದ್ಯರ ಮುಂದೆ ಪೂರ್ತಿ ಹೇಳಲೇಬೇಕು ಎಂಬುದನ್ನು ಮರೆಯುತ್ತೇವೆ.

ಹೆಣ್ಣುಮಗಳ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಬೈಪೋಲಾರ್ ಇರುವ ಹೆಂಗಸರಿಗೆ ಹೆರಿಗೆಯ ನಂತರದ ವಾರಗಳು ಅತ್ಯಂತ ಸೂಕ್ಷ್ಮ ಕಾಲ. ಗುಳಿಗೆ ನಿಲ್ಲಿಸಿದವರಲ್ಲಿ ಕಾಯಿಲೆ ಮರಳುವುದು ಬಹಳ ಹೆಚ್ಚು. ನಿಮ್ಮ ಅಣ್ಣನ ಮಗಳಿಗೆ ಕಾಯಿಲೆಯೇ ಇಲ್ಲ, ಅವಳನ್ನು ರೋಗಿಯಂತೆ ನೋಡಬೇಡಿ. ಆದರೆ ತಂದೆಗೆ ಈ ಕಾಯಿಲೆ ಇದೆ ಎಂಬುದು ಅವಳ ತಾಯಿ ಕಾರ್ಡಿನ ಜೊತೆಗೆ ಹೆರಿಗೆ ವೈದ್ಯರಿಗೆ ತಿಳಿದಿರಲಿ. ಬಾಣಂತನದಲ್ಲಿ ಎರಡು ಮೂರು ರಾತ್ರಿ ನಿದ್ದೆಯೇ ಬಾರದೆ ವಿಪರೀತ ಉತ್ಸಾಹ ಕಂಡರೆ “ಬಾಣಂತಿ ಸನ್ನಿ” ಎಂದು ಬೂದಿ ಹಚ್ಚಿಸಲು ಕರೆದೊಯ್ಯದೆ ಆಸ್ಪತ್ರೆಗೆ ಹೋಗುವಷ್ಟು ತಿಳಿವಳಿಕೆ ಎರಡೂ ಮನೆಯವರಿಗೆ ಇದ್ದರೆ ಸಾಕು.

ತುಂಗಭದ್ರೆ (ಹರಿಹರ):

ನಾನು ವಕೀಲಿ ವೃತ್ತಿಯಲ್ಲಿದ್ದೇನೆ. ಬೀಗರ ಮುಂದೆ ಹೇಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಕಾನೂನಿನ ಭಾಗವನ್ನಷ್ಟೇ ಬರೆಯುತ್ತೇನೆ. 1955ರ ಹಿಂದೂ ವಿವಾಹ ಕಾಯಿದೆ ನೋಡುವುದು ಮದುವೆಯಾಗುವ ಗಂಡು ಹೆಣ್ಣಿನ ಆರೋಗ್ಯವನ್ನು; ತಂದೆಗೋ ಚಿಕ್ಕಜ್ಜನಿಗೋ ಕಾಯಿಲೆ ಇತ್ತೆಂಬುದು ಮದುವೆಗೆ ಅಡ್ಡಿಯಲ್ಲ. ಆದರೆ ಮದುವೆಯಾಗುವ ವ್ಯಕ್ತಿಗೇ ಕಾಯಿಲೆಯಿದ್ದು ಅದನ್ನು ಬಚ್ಚಿಟ್ಟರೆ, ಮುಖ್ಯ ಸಂಗತಿಯನ್ನು ಮರೆಮಾಚಿದ ವಂಚನೆ ಎಂಬ ವಾದಕ್ಕೆ ಎಡೆಯಾಗುತ್ತದೆ. ಈ ವ್ಯತ್ಯಾಸವನ್ನು ನೆಂಟರಿಗೂ ಹೇಳಿ.

2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯಾ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಸೆಕ್ಷನ್ ಇಲ್ಲ. ಪೊಲೀಸ್ ಕೇಸಾದೀತೆಂದು ಹೆದರಿ ಆಸ್ಪತ್ರೆಗೆ ಹೋಗಲು ತಡಮಾಡುವವರು ಈಗಲೂ ಇದ್ದಾರೆ, ಆದ್ದರಿಂದ ಬರೆದೆ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕನ್ನೂ ಅದೇ ಕಾಯಿದೆ ಕೊಡುತ್ತದೆ. ಗಂಡಿನ ಕಡೆಯವರು ಆಸ್ಪತ್ರೆಗೆ ಹೋಗಿ ಕೇಳಿದರೂ ನಿಮ್ಮ ಅಣ್ಣನ ಫೈಲನ್ನು ಯಾರೂ ತೋರಿಸುವಂತಿಲ್ಲ.

ಭದ್ರಾ ನಾಲೆ (ದಾವಣಗೆರೆ):

ಶೇಂಗಾ ಸೀಮೆ ಅವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಡಾಕ್ಟರು ಒಂದನ್ನು ಬಿಟ್ಟಿದ್ದಾರೆ. ಬೈಪೋಲಾರ್ ಇರುವವರಲ್ಲಿ ಸಾಯುವವರು ಎಷ್ಟು? ನೂರರಲ್ಲಿ ಹದಿನೈದು ಎಂದು ಎಲ್ಲೋ ಓದಿದ ನೆನಪು. ಲಿಥಿಯಂ ಅದನ್ನು ತಡೆಯುತ್ತದೆ ಎನ್ನುತ್ತಾರೆ, ಹಾಗಲ್ಲವೆಂದೂ ಇತ್ತೀಚೆಗೆ ಓದಿದೆ.

ಜೋಗಿಮಟ್ಟಿ (ಚಿತ್ರದುರ್ಗ):

ಹದಿನೈದು ಎಂಬುದು 1970ರ ಅಂಕಿ. ಅದು ಆಸ್ಪತ್ರೆಗೆ ಸೇರುವಷ್ಟು ತೀವ್ರವಾದವರಿಂದ, ಅಲ್ಪಾವಧಿಯ ಅಧ್ಯಯನಗಳಿಂದ ಬಂದದ್ದು. ಪಠ್ಯಪುಸ್ತಕಗಳಲ್ಲಿ ಮೂವತ್ತು ವರ್ಷ ಹಾಗೆಯೇ ಉಳಿಯಿತು. 2000ದಲ್ಲಿ ಮರುಲೆಕ್ಕ ಮಾಡಿದಾಗ, ಆತ್ಮಹತ್ಯೆಯ ಅಪಾಯವಿದೆಯೆಂದೇ ದಾಖಲಾದವರಲ್ಲಿ ಜೀವಮಾನದ ಪ್ರಮಾಣ 8.6 ಶೇಕಡ, ಆ ಅಪಾಯವನ್ನು ನಮೂದಿಸದೆ ದಾಖಲಾದವರಲ್ಲಿ 4 ಶೇಕಡ, ಹೊರರೋಗಿಗಳೂ ಸೇರಿದ ಗುಂಪಿನಲ್ಲಿ 2.2 ಶೇಕಡ ಎಂದು ಕಂಡಿತು. ಇದು ಮನಸ್ಥಿತಿಯ ಕಾಯಿಲೆಗಳೆಲ್ಲದರ ಲೆಕ್ಕ. ಬೈಪೋಲಾರ್‌ನಲ್ಲಿ ಅಪಾಯ ಸಾಮಾನ್ಯ ಜನರಿಗಿಂತ 20ರಿಂದ 30 ಪಟ್ಟು ಎಂದು ಅಂದಾಜಿಸುತ್ತಾರೆ. ಅಪಾಯ ಹೆಚ್ಚಿರುವುದು ಖಿನ್ನತೆಯ ಹಂತದಲ್ಲಿ, ಖಿನ್ನತೆ ಮತ್ತು ಉನ್ಮಾದ ಬೆರೆತು ಮನಸ್ಸು ಕತ್ತಲಾಗಿರುವಾಗಲೇ ಮೈಗೆ ಚಡಪಡಿಕೆ ಇರುವ ಹಂತದಲ್ಲಿ, ಮತ್ತು ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳಲ್ಲಿ. “ಡಿಸ್ಚಾರ್ಜ್ ಆಯಿತು, ಇನ್ನು ಚಿಂತೆಯಿಲ್ಲ” ಎಂದು ಮನೆಯವರು ಹೊಲದ ಕೆಲಸಕ್ಕೆ ಮರಳುವ ಹೊತ್ತಿಗೆ ಅಪಾಯ ಅತಿ ಹೆಚ್ಚು.

ಲಿಥಿಯಂ ಬಗ್ಗೆ ನೀವು ಓದಿದ್ದು ಬಹುಶಃ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2021ರ ಕೊನೆಯಲ್ಲಿ ಪ್ರಕಟವಾದ ಪ್ರಯೋಗ. ಸುಮಾರು ಐನೂರು ಮಂದಿ ಇದ್ದರು, ಲಿಥಿಯಂಗೂ ಔಷಧವಿಲ್ಲದ ಹುಸಿಗುಳಿಗೆಗೂ ವ್ಯತ್ಯಾಸ ಕಾಣದೆ ನಡುವೆಯೇ ನಿಲ್ಲಿಸಿದರು. ಅವರಲ್ಲಿ ಬಹುಪಾಲು ಮಂದಿಗೆ ಇದ್ದದ್ದು ಖಿನ್ನತೆ, ಬೈಪೋಲಾರ್ ಅಲ್ಲ. ಅನೇಕರು ಗುಳಿಗೆಯನ್ನು ಸರಿಯಾಗಿ ಸೇವಿಸಲಿಲ್ಲ. ಅದಕ್ಕೆ ಮುಂಚಿನ ಹಲವು ಪ್ರಯೋಗಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಲಿಥಿಯಂ ಸೇವಿಸಿದವರಲ್ಲಿ ಆತ್ಮಹತ್ಯೆಗಳು ಸ್ಪಷ್ಟವಾಗಿ ಕಡಿಮೆಯಿದ್ದವು. ವಿವಾದ ಮುಗಿದಿಲ್ಲ, ಆದರೆ ಲಿಥಿಯಂ ಮೇಲೆ ಸ್ಥಿರವಾಗಿರುವ ನಿಮ್ಮ ಅಣ್ಣನಂತಹವರು ಇದನ್ನು ಓದಿ ಗುಳಿಗೆ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸುವುದೇ ಒಂದು ಅಪಾಯ.

ನಮ್ಮ ಬಿಸಿಲಿಗೆ ಸಂಬಂಧಿಸಿದ ಎಚ್ಚರಿಕೆಯನ್ನೂ ಸೇರಿಸುತ್ತೇನೆ, ಏಕೆಂದರೆ ಇದನ್ನು ಇಂಗ್ಲಿಷ್ ಕರಪತ್ರಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿ ಮೈಯ ನೀರು ಮತ್ತು ಉಪ್ಪು ಕಡಿಮೆಯಾದರೆ, ವಾಂತಿ ಭೇದಿ ಆದರೆ, ಬಿಪಿ ಎಂದು ಥಟ್ಟನೆ ಉಪ್ಪು ಬಿಟ್ಟರೆ, ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡಿಗೆ ತೂರಾಡುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ಮಟ್ಟ, ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಾಡಿಸಬೇಕು.

ಹೊಸದುರ್ಗದ ಆಶಾ:

ನಾನು ಆಶಾ ಕಾರ್ಯಕರ್ತೆ. ದೊಡ್ಡ ಲೆಕ್ಕಗಳು ನನಗೆ ತಿಳಿಯವು, ಊರಿನಲ್ಲಿ ಆಗುವುದನ್ನು ಬರೆಯುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಗುಳಿಗೆ ಉಚಿತ. ಆದರೆ ಮೊದಲ ಸಲ ಬರುವವರು ತಮ್ಮ ಊರಿನ ಪರಿಚಯದವರು ಕಂಡಾರೆಂದು ಹೆದರಿ ಸಾಲಿನಿಂದ ಹಿಂದಕ್ಕೆ ಹೋಗುತ್ತಾರೆ. ಹಾಗಾಗಿ ಮನೆಯಲ್ಲಿ ಒಬ್ಬರು ಹೀಗೆ ಸತ್ತಿದ್ದರೆ ಆ ಮನೆಗೆ ನಾನು ಬಿಪಿ, ಶುಗರ್ ನೋಡುವ ನೆಪದಲ್ಲಿ ಹೋಗುತ್ತಲೇ ಇರುತ್ತೇನೆ. “ಸಾಯಬೇಕು ಅನ್ನಿಸುತ್ತದೆಯೇ” ಎಂದು ನೇರವಾಗಿಯೇ ಕೇಳುತ್ತೇನೆ. ಮೊದಲು ಕೇಳಲು ಅಂಜುತ್ತಿದ್ದೆವು. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟರು.

ಇನ್ನು ಹೊಲಕ್ಕೆ ಹೊಡೆಯುವ ಔಷಧ ಮಲಗುವ ಕೋಣೆಯ ಅಟ್ಟದಲ್ಲಿ ಇರುವ ಮನೆಗಳು ಈಗಲೂ ಇವೆ. ಅಂತಹ ಕಾಯಿಲೆ ಇರುವ ಮನೆಯಲ್ಲಿ ಅದನ್ನು ಇಡಲೇಬಾರದು. ಬೇಕಾದ ದಿನ ಬೇಕಾದಷ್ಟೇ ತರಬೇಕು.

ಜೋಗಿಮಟ್ಟಿ (ಚಿತ್ರದುರ್ಗ):

ಆಶಾ ಅವರ ಎರಡೂ ಮಾತುಗಳಿಗೆ ಬಲವಾದ ಆಧಾರವಿದೆ. ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕೇಂದ್ರಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ಒಂದು ಗುಂಪಿಗೆ ಒಂದು ತಾಸಿನ ತಿಳಿವಳಿಕೆ ಕೊಟ್ಟು ಹದಿನೆಂಟು ತಿಂಗಳವರೆಗೆ ಆಗಾಗ ಫೋನ್ ಮಾಡಿ ಇಲ್ಲವೇ ಮನೆಗೆ ಹೋಗಿ ವಿಚಾರಿಸಿದರು. ಆ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು 0.2 ಶೇಕಡ, ಎಂದಿನ ಚಿಕಿತ್ಸೆಯಷ್ಟೇ ಪಡೆದವರಲ್ಲಿ 2.2 ಶೇಕಡ.

ಕೀಟನಾಶಕದ ವಿಷಯದಲ್ಲಿ ಶ್ರೀಲಂಕಾ ಅತ್ಯಂತ ವಿಷಕಾರಿಯಾದವನ್ನು 1995ರಿಂದ ನಿಷೇಧಿಸುತ್ತ ಬಂದು ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣವನ್ನು ಸುಮಾರು 70 ಶೇಕಡ ಇಳಿಸಿತು. ಅಲ್ಲಿನ ಜನರ ವಂಶವಾಹಿಗಳು ಇಪ್ಪತ್ತು ವರ್ಷದಲ್ಲಿ ಬದಲಾಗಲಿಲ್ಲ. ಆದರೆ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದ ಅದೇ ದೇಶದ ದೊಡ್ಡ ಪ್ರಯೋಗ, 2017ರಲ್ಲಿ ಪ್ರಕಟವಾದದ್ದು, ಪ್ರಯೋಜನ ತೋರಿಸಲಿಲ್ಲ. ಬೀಗದ ಕೈ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಆದ್ದರಿಂದ “ಇಡಲೇಬಾರದು” ಎಂಬ ಆಶಾ ಅವರ ಮಾತೇ ಸರಿ. ಮನೆಯ ಗುಳಿಗೆಗಳ ವಿಷಯದಲ್ಲಿಯೂ ಅಷ್ಟೇ: ಖಿನ್ನತೆಯ ಹಂತದಲ್ಲಿ ತಿಂಗಳುಗಟ್ಟಲೆಯ ದಾಸ್ತಾನು ಬೇಡ, ವಾರಕ್ಕೆ ಬೇಕಾದಷ್ಟನ್ನು ಮನೆಯವರೊಬ್ಬರು ಇಟ್ಟುಕೊಂಡು ಕೊಡಲಿ.

ವ್ಯವಸ್ಥೆಯ ಬಗ್ಗೆ ಒಂದು ನೆನಪು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದೇಶದ ಮೊದಲ ಮಾದರಿಯನ್ನು ನಿಮ್ಹಾನ್ಸ್ 1985ರಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿಯೇ ಆರಂಭಿಸಿತು. ಮುಂದೆ ಕೆಲವು ಕಾಲ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಆಗ ಅದೇ ಜಿಲ್ಲೆಯಲ್ಲಿತ್ತು. ಮೂರು ದಶಕಗಳ ಮೇಲೆ, 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡದ್ದು ಬೈಪೋಲಾರ್ ಇರುವವರಲ್ಲಿ ಸುಮಾರು 70 ಶೇಕಡ ಮಂದಿಗೆ, ಖಿನ್ನತೆ ಇರುವವರಲ್ಲಿ ಸುಮಾರು 85 ಶೇಕಡ ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು. ನೆಂಟರು ಹೆದರಬೇಕಾದ ಅಂಕಿ ಇದು.

ಕುಂದುವಾಡ ಕೆರೆ (ದಾವಣಗೆರೆ):

ಎಲ್ಲರಿಗೂ ಋಣಿ. ಅಣ್ಣನನ್ನು ಕೇಳಿದೆ, ಎಂದೂ ಯತ್ನಿಸಿಲ್ಲವೆಂದರು, ಯೋಚನೆ ಬಂದಿತ್ತು ಎಂದರು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ್ದು ಇದೇ ಮೊದಲು. ಗಂಡಿನ ಕಡೆಯವರಿಗೆ ಅಣ್ಣನ ಕಾಯಿಲೆ, ಚಿಕಿತ್ಸೆ ಎರಡನ್ನೂ ನಾವೇ ಹೇಳುವುದೆಂದು ಅಣ್ಣ, ಅತ್ತಿಗೆ ಮತ್ತು ಹುಡುಗಿ ಮೂವರೂ ಒಪ್ಪಿದ್ದಾರೆ. ಬೇಕಿದ್ದರೆ ಅಣ್ಣನ ಒಪ್ಪಿಗೆಯಿಂದ ವೈದ್ಯರನ್ನೇ ಭೇಟಿ ಮಾಡಿಸುತ್ತೇವೆ. ಅವರು ಬೇಡವೆಂದರೆ ಬೇಡ. ಹುಡುಗನಿಗೆ ಹೇಗೆ ಹೇಳುವುದೆಂಬುದು ಮಾತ್ರ ಉಳಿದಿದೆ. ಅವನು ಮುಂಗೋಪಿ. ಇತ್ತೀಚೆಗೆ ಸ್ನೇಹಿತರೊಂದಿಗೆ ಕುಡಿಯುವುದನ್ನೂ ಕಲಿತಿದ್ದಾನೆಂದು ಕೇಳಿದ್ದೇನೆ.

ಶಾಂತಿಸಾಗರ (ಚನ್ನಗಿರಿ):

ನಿಮ್ಮ ಅಣ್ಣನೇ ಹೇಳಲಿ. ಚಿಕ್ಕಪ್ಪನಾಗಿ ನೀವು ಹೇಳಿದರೆ ಅದು ಅಪ್ಪನ ಬಗೆಗಿನ ದೂರಿನಂತೆ ಕೇಳಿಸಬಹುದು. ನನ್ನ ಮಗಳಿಗೆ ನಾನು ನನ್ನ ಗುಳಿಗೆಯ ಡಬ್ಬಿಯನ್ನು ಮುಂದಿಟ್ಟುಕೊಂಡೇ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ “ನನಗೂ ಬಂದರೆ ಇದೇ ಗುಳಿಗೆಯೇ?” ಎಂದು.

ಜೋಗಿಮಟ್ಟಿ (ಚಿತ್ರದುರ್ಗ):

ಒಪ್ಪುತ್ತೇನೆ. ಚಿಕ್ಕಜ್ಜನ ಸಾವನ್ನು ಹೇಳುವಾಗ ಹೇಗೆ ಸತ್ತರು ಎಂಬ ವಿವರ ಬೇಡ. ಅವರಿಗೆ ಒಂದು ಕಾಯಿಲೆ ಇದ್ದಿರಬಹುದು, ಆಗ ಚಿಕಿತ್ಸೆ ಸಿಗಲಿಲ್ಲ, ಅಪ್ಪನಿಗೆ ಸಿಕ್ಕಿತು ಎಂಬಷ್ಟು ಸಾಕು. ಹುಡುಗನ ಮುಂಗೋಪ ಮತ್ತು ಕುಡಿತದ ಬಗ್ಗೆ ನೀವು ಕೊನೆಯ ಸಾಲಿನಲ್ಲಿ ಬರೆದದ್ದೇ ನನಗೆ ಈ ಇಡೀ ಚರ್ಚೆಯಲ್ಲಿ ಹೆಚ್ಚು ಗಮನ ಕೊಡಬೇಕಾದ ಮಾಹಿತಿ. ಹುಡುಗಿಗಿಂತ ಮೊದಲು ಅವನ ಬಗ್ಗೆ ಕೇಳಬೇಕಿತ್ತು. ಈ ಕಾಯಿಲೆ ಬರುವುದಾದರೆ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ ತಲೆ ಎತ್ತುತ್ತದೆ. ನಿದ್ದೆ ಕೆಡುವುದು, ವಾರಗಟ್ಟಲೆ ಕಾಲೇಜಿಗೆ ಹೋಗದಿರುವುದು, ದುಡ್ಡನ್ನು ನೀರಿನಂತೆ ಖರ್ಚು ಮಾಡುವುದು, ತಾನು ಯಾರಿಗೂ ಬೇಡವೆಂಬ ಮಾತು, ಇವುಗಳಲ್ಲಿ ಯಾವುದಾದರೂ ಇದೆಯೇ? ಇದ್ದರೆ ಸಂಬಂಧದ ಮಾತುಕತೆ ಮುಗಿಯಲೆಂದು ಕಾಯಬೇಡಿ. ಅಣ್ಣ ಮುಂದಿನ ಸಲ ಲಿಥಿಯಂ ಪರೀಕ್ಷೆಗೆ ಹೋಗುವಾಗ ಅವನೂ ಜೊತೆಗೆ ಹೋಗಲಿ. ಇಲ್ಲದಿದ್ದರೆ ಅವನ ಕುಡಿತದ ಬಗ್ಗೆ ಮಾತ್ರ ಮಾತನಾಡಿ, ವಂಶದ ಬಗ್ಗೆ ಅಪ್ಪ ಹೇಳಲಿ.

ಕುಂದುವಾಡ ಕೆರೆ (ದಾವಣಗೆರೆ):

ನಿದ್ದೆಯ ಬಗ್ಗೆ ಅತ್ತಿಗೆಯನ್ನು ಕೇಳಿದೆ. ಒಂದು ತಿಂಗಳಿಂದ ರಾತ್ರಿ ಎರಡು ಮೂರರವರೆಗೆ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದಂತೆ, ಪರೀಕ್ಷೆಗೆ ಓದುತ್ತಿದ್ದಾನೆಂದು ಸುಮ್ಮನಿದ್ದರಂತೆ. ಪರೀಕ್ಷೆ ಮುಗಿದು ಆಗಲೇ ಹತ್ತು ದಿನವಾಗಿದೆ. ಅಣ್ಣ ಇಂದು ಸಂಜೆಯೇ ಮಾತನಾಡುತ್ತಾರೆ. ಸೋಮವಾರ ಇಬ್ಬರನ್ನೂ ವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.